ಮನೆಯ ಬಿಸ್ಕತ್ತಿಗೆ ಮದ್ದೂರು ವಡೆಯ ಹದ



ಕಳೆದ ವರ್ಷ ಶ್ರಾವಣ ಮಾಸದಲ್ಲಿ ಮಳವಳ್ಳಿ ಕಡೆಯ ಒಂದು ಹಳ್ಳಿಯ ಮಹಿಳಾ ಸಂಘದವರು ಹತ್ತು ಕಿಲೋ ರಾಗಿ ಬಿಸ್ಕತ್ತು ಮಾಡಿ ಮಂಡ್ಯದ ಅಂಗಡಿಯೊಂದಕ್ಕೆ ಕೊಟ್ಟರು. ಐದನೆಯ ದಿನ ಅಂಗಡಿಯವರು ಅಷ್ಟನ್ನೂ ಹಿಂದಕ್ಕೆ ಕಳುಹಿಸಿದರು. ಹುಳ ಬಿದ್ದಿರಲಿಲ್ಲ, ಕಮಟು ವಾಸನೆ ಬಂದಿರಲಿಲ್ಲ, ರುಚಿಯೂ ಕೆಟ್ಟಿರಲಿಲ್ಲ. ಮೆತ್ತಗಾಗಿದ್ದುವು, ಅಷ್ಟೆ. ಮುರಿದರೆ ಸದ್ದಿಲ್ಲದೆ ಬಾಗುತ್ತಿದ್ದುವು. ಅಂಗಡಿಯವರನ್ನು ನಾನು ದೂರುವುದಿಲ್ಲ. ಬಾಗುವ ಬಿಸ್ಕತ್ತನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಸಂಘದ ಪುಸ್ತಕದಲ್ಲಿ ೨,೪೦೦ ರೂಪಾಯಿ ನಷ್ಟವೆಂದು ಬರೆದುಕೊಂಡರು. ಬರೆದವರಾರೂ ನನ್ನ ಕಡೆಗೆ ಬೆರಳು ತೋರಿಸಲಿಲ್ಲ. ತೋರಿಸಬಹುದಾಗಿತ್ತು. ಏಕೆಂದರೆ ಆ ಬಿಸ್ಕತ್ತಿನ ಲೆಕ್ಕಾಚಾರ ಹೇಳಿಕೊಟ್ಟವಳು ನಾನು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವಳು ನಾನು. ನಿವೃತ್ತಳಾದ ಮೇಲೆ ಅಡಿಗೆಮನೆಯಲ್ಲಿ ಒಂದು ಚಿಕ್ಕ ವಿದ್ಯುತ್ ಒಲೆಯನ್ನಿಟ್ಟುಕೊಂಡು ಮೊಮ್ಮಕ್ಕಳಿಗಾಗಿ ಬಿಸ್ಕತ್ತು ಸುಡುವುದನ್ನು ಕಲಿತೆ. ಮಾಡಿದ ದಿನವೇ ಖಾಲಿಯಾಗುತ್ತಿದ್ದುದರಿಂದ ಅವು ಮಾರನೆಯ ವಾರಕ್ಕೆ ಏನಾಗುತ್ತವೆಂಬುದು ನನಗೆ ಗೊತ್ತೇ ಆಗಿರಲಿಲ್ಲ. ಹೊಗಳುವವರು ಮನೆಯವರೇ ಆದರೆ ಹೀಗಾಗುವುದುಂಟು. ಆ ಧೈರ್ಯದ ಮೇಲೆ ಹಳ್ಳಿಯ ಹೆಂಗಸರಿಗೆ ಪಾಠ ಹೇಳಲು ಹೋದೆ. ಸಕ್ಕರೆ ಬೇಡ, ಬೆಲ್ಲ ಹಾಕಿ, ಆರೋಗ್ಯಕ್ಕೆ ಒಳ್ಳೆಯದು ಎಂದೆ. ಹಿಟ್ಟು ಮೃದುವಾಗಿ ಬರಲೆಂದು ಹಾಲು ಧಾರಾಳವಾಗಿ ಹಾಕಿಸಿದೆ. ಬಿಸ್ಕತ್ತಿನ ಘಮ ಹೋಗದಿರಲೆಂದು ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿದೆ. ಮೂರು ಸಲಹೆ, ಮೂರೂ ತಪ್ಪು.

ತಪ್ಪನ್ನು ಮೊದಲು ಹೇಳಿದವರು ಆ ಸಂಘದ ಹಿರಿಯ ಸದಸ್ಯೆ. ಅವರನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರ ತವರು ಮದ್ದೂರು. ಅವರ ತಂದೆ ಹೋಟೆಲೊಂದರಲ್ಲಿ ವಡೆ ಕರಿಯುತ್ತಿದ್ದವರು. ಹಿಂದಕ್ಕೆ ಬಂದ ಚೀಲವನ್ನು ಬಿಚ್ಚಿ ಒಂದು ಬಿಸ್ಕತ್ತನ್ನು ಬೆರಳಲ್ಲಿ ಬಗ್ಗಿಸಿ ನೋಡಿ ಅವರು ಹೇಳಿದ್ದಿಷ್ಟು:

“ಅಲ್ಲಾ ಟೀಚರಮ್ಮ, ಮಳೆಗಾಲದಲ್ಲಿ ಅಟ್ಟದ ಮ್ಯಾಲಿನ ಬೆಲ್ಲ ಏನಾಯ್ತದೆ ಅಂತ ನೋಡಿಲ್ವಾ ನೀವು? ನೀರು ಬುಟ್ಕಂಡು ಅಳ್ತಾ ಕುಂತಿರ್ತದೆ. ಅದನ್ನೇ ತಂದು ಬಿಸ್ಕತ್ತಿಗೆ ಹಾಕ್ಸುದ್ರಲ್ಲಾ!”

ನಾನು ಹುಟ್ಟಿ ಬೆಳೆದದ್ದು ಮಂಡ್ಯದಲ್ಲಿ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಕಬ್ಬಿನ ಗದ್ದೆಗಳಾದ ಊರು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ನೆಲೆಗೊಂಡ ಊರು. ಆಲೆಮನೆಯ ಹೊಗೆ ಕುಡಿದು ಬೆಳೆದವಳಿಗೆ ಬೆಲ್ಲ ಮಳೆಗಾಲದಲ್ಲಿ ಒಸರುವುದು ತಿಳಿಯದೆ? ತಿಳಿದಿತ್ತು. ಆದರೆ ಅದು ಅಟ್ಟದ ವಿಷಯ, ಇದು ಒಲೆಯ ವಿಷಯ ಎಂದುಕೊಂಡಿದ್ದೆ. ಎರಡನ್ನೂ ಜೋಡಿಸುವ ಬುದ್ಧಿ ಬಂದಿರಲಿಲ್ಲ.

ಆ ಸಂಜೆ ಒಂದು ಪರೀಕ್ಷೆ ಮಾಡಿದೆವು. ಮೆತ್ತಗಾದ ಬಿಸ್ಕತ್ತುಗಳಲ್ಲಿ ಒಂದು ತಟ್ಟೆಯಷ್ಟನ್ನು ಮತ್ತೆ ಸಣ್ಣ ಕಾವಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದೆವು. ಆರಿದ ಮೇಲೆ ಕಟುಮ್ಮೆಂದು ಮುರಿದುವು. ನನ್ನ ಮುಖ ಅರಳಿತು. ಡಬ್ಬಿಗೆ ಹಾಕದೆ ಹಾಗೆಯೇ ತಟ್ಟೆಯಲ್ಲಿ ಬಿಟ್ಟು ನೋಡಿ ಎಂದರು ದೊಡ್ಡವ್ವ. ಬೆಳಗಾಗುವಷ್ಟರಲ್ಲಿ ಮತ್ತೆ ಬಾಗತೊಡಗಿದ್ದುವು. ಅದೇ ತಟ್ಟೆಯ ಇನ್ನೊಂದು ಬದಿಯಲ್ಲಿ ಅಂಗಡಿಯಿಂದ ತಂದ ಸಕ್ಕರೆ ಬಿಸ್ಕತ್ತು ನಾಲ್ಕಿಟ್ಟಿದ್ದೆವು. ಅವೂ ಸ್ವಲ್ಪ ಸೊರಗಿದ್ದುವು, ಆದರೆ ಸದ್ದು ಉಳಿಸಿಕೊಂಡಿದ್ದುವು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಷ್ಟರ ಚಪಲವೆಂದು ಕ್ಷಮಿಸಿ. ಬಿಸ್ಕತ್ತಿನ ಗರಿ ಎಂದರೆ ಅದರೊಳಗೆ ನೀರಿಲ್ಲದ ಸ್ಥಿತಿ. ಹಸಿ ಹಿಟ್ಟಿನಲ್ಲಿರುವ ನೀರು ಕಾವಿಗೆ ಆವಿಯಾಗಿ ಹೋಗುತ್ತದೆ. ಉಳಿದ ಪಿಷ್ಟವೂ ಕರಗಿದ ಸಕ್ಕರೆಯೂ ಆರುವಾಗ ಗಾಜಿನಂತೆ ಗಟ್ಟಿಯಾಗಿ ನಿಲ್ಲುತ್ತವೆ. ಗಾಜಿನಂತೆ ಎಂದದ್ದು ಬರಿಯ ಉಪಮೆಯಲ್ಲ, ವಿಜ್ಞಾನಿಗಳೂ ಆ ಸ್ಥಿತಿಗೆ ಅದೇ ಹೆಸರನ್ನಿಟ್ಟಿದ್ದಾರೆ. ಅದಕ್ಕೇ ಅದು ಮುರಿಯುವಾಗ ಸದ್ದು ಮಾಡುತ್ತದೆ. ಅದರೊಳಕ್ಕೆ ಗಾಳಿಯಿಂದ ಒಂದಿಷ್ಟು ತೇವ ಮರಳಿ ಸೇರಿತೋ, ಗಾಜು ಹೋಗಿ ರಬ್ಬರಾಗುತ್ತದೆ. ಬ್ರೆಡ್ಡನ್ನು ತೆರೆದಿಟ್ಟರೆ ಗಟ್ಟಿಯಾಗುತ್ತದೆ, ಬಿಸ್ಕತ್ತನ್ನು ತೆರೆದಿಟ್ಟರೆ ಮೆತ್ತಗಾಗುತ್ತದೆ ಎಂಬುದನ್ನು ನೀವೆಲ್ಲ ಕಂಡಿದ್ದೀರಿ. ಬ್ರೆಡ್ಡು ಗಾಳಿಗಿಂತ ಒದ್ದೆ, ಬಿಸ್ಕತ್ತು ಗಾಳಿಗಿಂತ ಒಣ. ಒಂದು ಕೊಡುತ್ತದೆ, ಇನ್ನೊಂದು ಬೇಡುತ್ತದೆ.

ಇನ್ನು ಬೆಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಅದರಲ್ಲಿರುವ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸು, ಫ್ರಕ್ಟೋಸು ಎಂಬ ಎರಡು ಬಗೆಯ ಸಕ್ಕರೆಯಾಗುತ್ತದೆ. ಹಣ್ಣುಗಳಲ್ಲಿ, ಜೇನಿನಲ್ಲಿ ಇರುವುವೂ ಇವೇ. ಇವುಗಳಿಗೆ, ಅದರಲ್ಲೂ ಫ್ರಕ್ಟೋಸಿಗೆ, ಗಾಳಿಯ ತೇವವನ್ನು ಕಂಡರೆ ಬಲು ಪ್ರೀತಿ. ಬಿಳಿ ಸಕ್ಕರೆಯಲ್ಲಿ ಆ ಒಡೆದ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆಲ್ಲದ ಬಿಸ್ಕತ್ತು ಮೆದುವಾಗಿ, ಅಗಿಯುವಂತೆ ಬರುತ್ತದೆ. ಸಕ್ಕರೆಯ ಬಿಸ್ಕತ್ತು ಗರಿಯಾಗಿ ಬರುತ್ತದೆ. ಮೆದು ಬಿಸ್ಕತ್ತು ಬೇಕೆಂದವರು ಬೆಲ್ಲವನ್ನೇ ಹಾಕಿಕೊಳ್ಳಲಿ; ಹಲ್ಲಿಲ್ಲದ ನಮ್ಮಂಥವರಿಗೆ ಅದೇ ಮೇಲು. ಗರಿ ಬೇಕೆಂದರೆ ಮಾತ್ರ ಮಂಡ್ಯದ ಅಭಿಮಾನವನ್ನು ಬೆಲ್ಲದಿಂದ ತೆಗೆದು ಸಕ್ಕರೆಯ ಮೇಲಿಡಬೇಕು. ಎರಡೂ ನಮ್ಮ ಊರಿನವೇ ಅಲ್ಲವೆ?

ಮಾರನೆಯ ಭಾನುವಾರ ದೊಡ್ಡವ್ವ ನನ್ನನ್ನು ಮಳವಳ್ಳಿಯಿಂದ ಮದ್ದೂರಿಗೆ ಕರೆದುಕೊಂಡು ಹೋದರು. ಬಿಸ್ಕತ್ತು ಕಲಿಯಲು ಮದ್ದೂರಿಗೇಕೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. “ಬನ್ನಿ ಟೀಚರಮ್ಮ, ವಡೆ ಹೆಂಗಾಯ್ತದೆ ನೋಡಿ” ಎಂದರು, ಅಷ್ಟೆ.

ಮದ್ದೂರು ವಡೆಯ ಹುಟ್ಟಿನ ಕಥೆ ನಿಮಗೆ ಹೊಸದಲ್ಲ. ೧೯೧೭ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರಿನ ರೈಲು ನಿಲ್ದಾಣದ ಬಳಿ ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ಗಾಡಿ ಎಂದಿನ ಹೊತ್ತಿಗಿಂತ ಮುಂಚೆ ಬಂದುಬಿಟ್ಟಿತಂತೆ. ಪಕೋಡಕ್ಕೆಂದು ಕಲಸಿದ್ದ ಹಿಟ್ಟನ್ನು ಅವರು ಅವಸರದಲ್ಲಿ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಪ್ರಯಾಣಿಕರು ಅದನ್ನೇ ಮೆಚ್ಚಿದರಂತೆ. ಈ ಕಥೆಯಲ್ಲಿ ನನಗೆ ಒಂದೇ ಒಂದು ಅನುಮಾನ. ಅವಸರಕ್ಕೆ ಹುಟ್ಟಿತೆನ್ನುವ ಆ ವಡೆ ಈಗ ಯಾವ ಅವಸರವನ್ನೂ ಸಹಿಸುವುದಿಲ್ಲ. ನಿಧಾನವಾಗಿ ಕರಿದರಷ್ಟೇ ಗರಿಯಾಗುತ್ತದೆ. ಅದಿರಲಿ, ತಟ್ಟಿದ್ದು ಮಾತ್ರ ಸರಿಯಾದ ಬುದ್ಧಿ. ಉಂಡೆಯ ಹೊಟ್ಟೆಯೊಳಗಿನ ನೀರಿಗೆ ಹೊರಬರುವ ದಾರಿ ದೂರ. ತೆಳುವಾಗಿ ತಟ್ಟಿದ ಬಿಲ್ಲೆಯಲ್ಲಿ ಹತ್ತಿರ.

೨೦೨೩ರಲ್ಲಿ ಬೆಂಗಳೂರು ಮೈಸೂರು ನಡುವಿನ ಹೊಸ ಹೆದ್ದಾರಿ ತೆರೆದ ಮೇಲೆ ಬಹಳಷ್ಟು ವಾಹನಗಳು ಮದ್ದೂರಿನೊಳಕ್ಕೆ ಬಾರದೆ ಹೊರಗಿನಿಂದಲೇ ಹಾದುಹೋಗುತ್ತವೆ. ನಿಂತು, ಬಿಸಿ ವಡೆ ತಿಂದು ಹೋಗುವವರಿಗಿಂತ ಕಟ್ಟಿಸಿಕೊಂಡು ಹೋಗುವ ವಡೆ ಮುಖ್ಯವಾಗುವ ಕಾಲ ಇದು ಎಂದು ದೊಡ್ಡವ್ವನ ಬಂಧುಗಳೊಬ್ಬರು ಹೇಳಿದರು. ಕಟ್ಟಿಸಿಕೊಂಡು ಹೋದದ್ದು ಮನೆ ಮುಟ್ಟುವ ತನಕ ಗರಿಯಾಗಿರಬೇಕು. ಅಲ್ಲಿಗೆ ಅವರ ಚಿಂತೆಯೂ ನಮ್ಮ ಸಂಘದ ಚಿಂತೆಯೂ ಒಂದೇ ಆಯಿತು.

ಆ ಬಂಧುಗಳ ಮನೆಯ ಅಡಿಗೆಮನೆಯಲ್ಲಿ ಮಣೆ ಹಾಕಿ ನನ್ನನ್ನು ಕೂಡಿಸಿದರು. ಅಗಲವಾದ ತಟ್ಟೆಯಲ್ಲಿ ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಗಳನ್ನು ಬೇರೆ ತಟ್ಟೆಯಲ್ಲಿ ಉಪ್ಪು ಹಾಕಿ ಚೆನ್ನಾಗಿ ಕಿವುಚಿಟ್ಟರು. ಒಣ ಹಿಟ್ಟಿನ ಮೇಲೆ ಕಾಯಿಸಿದ ತುಪ್ಪವನ್ನು ಸುರಿದರು, ಚುಂಯ್ ಎಂದಿತು. ಆಮೇಲೆ ದೊಡ್ಡವ್ವ ಬೆರಳ ತುದಿಯಲ್ಲಿ ಹಿಟ್ಟನ್ನೂ ತುಪ್ಪವನ್ನೂ ತಿಕ್ಕುತ್ತ ಕುಳಿತರು. ಎಷ್ಟು ಹೊತ್ತೆಂದರೆ ನನಗೆ ಬೇಸರ ಬರುವಷ್ಟು ಹೊತ್ತು. ಕೊನೆಗೆ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದರು, ಉಂಡೆಯಾಗಿ ನಿಂತಿತು. ಬೆರಳಿಂದ ತಟ್ಟಿದರು, ಮರಳಿನಂತೆ ಉದುರಿತು. “ಇದೇ ಹದ ಕಣ್ರವ್ವಾ. ಇದಕ್ಕಿಂತ ಮುಂಚೆ ನೀರು ಮುಟ್ಟುಸ್ಬ್ಯಾಡಿ” ಎಂದರು.

ನೀರು ಮುಟ್ಟಿಸುವುದಕ್ಕೆ ಮೊದಲು ತುಪ್ಪ. ಇದು ಕೋಡುಬಳೆ, ಚಕ್ಕುಲಿ ಮಾಡುವ ನಮ್ಮೆಲ್ಲರಿಗೂ ಕೈಗೆ ತಿಳಿದ ವಿಷಯ, ತಲೆಗೆ ತಿಳಿದಿರಲಾರದು. ಗೋಧಿಯ ಹಿಟ್ಟಿಗೆ, ಅಂದರೆ ಮೈದಾಕ್ಕೂ ರವೆಗೂ, ನೀರು ತಾಗಿದೊಡನೆ ಗ್ಲುಟೆನ್ ಎಂಬ ಎಳೆಯಾಗುವ ಅಂಟು ಹುಟ್ಟಿಕೊಳ್ಳುತ್ತದೆ. ಹೋಳಿಗೆಯ ಕಣಕಕ್ಕೆ ಅದು ಬೇಕು. ಗಂಟೆಗಟ್ಟಲೆ ನಾದುವುದು ಅದಕ್ಕಾಗಿಯೇ. ಗರಿಗರಿ ತಿಂಡಿಗೆ ಅದು ಶತ್ರು. ಹಿಟ್ಟಿನ ಕಣಕ್ಕೆ ಮೊದಲೇ ತುಪ್ಪದ ಅಂಗಿ ತೊಡಿಸಿದರೆ ನೀರು ಅದನ್ನು ಸುಲಭವಾಗಿ ಮುಟ್ಟಲಾರದು. ಅಂಟು ಹುಟ್ಟುವುದಿಲ್ಲ, ಹುಟ್ಟಿದರೂ ಉದ್ದವಾಗಿ ಬೆಳೆಯುವುದಿಲ್ಲ. ಅಕ್ಕಿ ಹಿಟ್ಟಿನಲ್ಲಂತೂ ಆ ಅಂಟೇ ಇಲ್ಲ. ಅದನ್ನು ವಡೆಗೆ ಸೇರಿಸಿದವರು ರಸಾಯನಶಾಸ್ತ್ರ ಓದಿದವರಲ್ಲ, ಆದರೆ ಸರಿಯಾಗಿಯೇ ಸೇರಿಸಿದರು.

ಅನಂತರ ಕಿವುಚಿದ ಈರುಳ್ಳಿಯನ್ನು ಹಿಟ್ಟಿಗೆ ಹಾಕಿದರು. ಉಪ್ಪಿಗೆ ಅದು ಬಿಟ್ಟುಕೊಂಡ ನೀರಿನಲ್ಲೇ ಮುಕ್ಕಾಲು ಪಾಲು ಹಿಟ್ಟು ಕೂಡಿಕೊಂಡಿತು. ಮೇಲೆ ಚಿಮುಕಿಸಿದ ನೀರು ನಾಲ್ಕೈದು ಚಮಚವಿರಬಹುದು. ನಾದಲಿಲ್ಲ, ಬರಿದೆ ಕೂಡಿಸಿದರು. ಬಾಳೆಯೆಲೆಯ ಮೇಲೆ ತೆಳುವಾಗಿ ತಟ್ಟಿ ಎಣ್ಣೆಗೆ ಬಿಟ್ಟು ಉರಿಯನ್ನು ತಗ್ಗಿಸಿದರು. ಮೊದಲು ಎಣ್ಣೆ ಗಲಾಟೆ ಮಾಡಿತು, ನೊರೆಯೆಬ್ಬಿಸಿತು. ವಡೆಗೆ ಬಣ್ಣ ಬಂದಂತೆ ಕಂಡು ನಾನು, ಆಯಿತಲ್ಲ ತೆಗೆಯಿರಿ ಎಂದೆ. ದೊಡ್ಡವ್ವ ತಲೆ ಅಲ್ಲಾಡಿಸಿದರು. “ಎಣ್ಣೆ ಸದ್ದು ಅಡಗೋಗಂಟ ಎತ್ತಬಾರ್ದು.”

ನನಗೆ ಪಾಠವಾದದ್ದು ಅಲ್ಲಿ. ಎಣ್ಣೆಯ ಸದ್ದು ಎಂದರೆ ನೀರು ಆವಿಯಾಗಿ ಹೊರಬರುವ ಸದ್ದು. ಸದ್ದು ಅಡಗಿತೆಂದರೆ ನೀರು ಮುಗಿಯಿತೆಂದು ಅರ್ಥ. ಬಣ್ಣವನ್ನು ನಂಬಿದರೆ ಮೋಸಹೋಗುತ್ತೇವೆ. ಉರಿ ಜೋರಾಗಿದ್ದರೆ ಹೊರಗೆ ಕೆಂಪು, ಒಳಗೆ ಹಸಿ. ಆರಿದ ಮೇಲೆ ಒಳಗಿನ ಹಸಿ ಹೊರಗೆ ಬಂದು ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ನಮ್ಮ ರಾಗಿ ಬಿಸ್ಕತ್ತಿಗೆ ಆಗಿದ್ದುದೂ ಅದೇ. ರಾಗಿಯ ಬಣ್ಣವೇ ಕಂದು, ಅದಕ್ಕೆ ಬೆಲ್ಲದ ಕಂದು ಸೇರಿ, ಬೆಂದಿತೋ ಇಲ್ಲವೋ ಎಂದು ಕಣ್ಣಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಬಿಸ್ಕತ್ತಿನ ಒಲೆ ಮಾತಾಡುವುದಿಲ್ಲವಲ್ಲ, ಅಲ್ಲಿ ನೀರು ಮುಗಿದದ್ದನ್ನು ತಿಳಿಯುವುದು ಹೇಗೆ? ಇದಕ್ಕೆ ನಾವು ಕಂಡುಕೊಂಡ ಉಪಾಯ ತಕ್ಕಡಿ. ಸಂಘದವರ ಹತ್ತಿರ ತೂಕದ ಯಂತ್ರ ಹೇಗೂ ಇತ್ತು. ಹಸಿ ಬಿಲ್ಲೆಗಳನ್ನು ತಟ್ಟೆಗೆ ಜೋಡಿಸುವಾಗ ತೂಗಿ ಬರೆದಿಡುವುದು, ಬೆಂದ ಮೇಲೆ ಮತ್ತೆ ತೂಗುವುದು. ನಮ್ಮ ಖಾರದ ಬಿಸ್ಕತ್ತು ೧೦೦ ಗ್ರಾಂ ಇದ್ದದ್ದು ೮೫ ಗ್ರಾಮಿನ ಆಸುಪಾಸಿಗೆ ಇಳಿದರೆ ಗರಿಯಾಗಿರುತ್ತದೆ, ೯೦ಕ್ಕೆ ನಿಂತರೆ ಮೂರನೆಯ ದಿನ ಬಾಗುತ್ತದೆ. ನಿಮ್ಮ ಹಿಟ್ಟಿಗೆ ಲೆಕ್ಕ ಬೇರೆ ಬರಬಹುದು. ಒಮ್ಮೆ ಚೆನ್ನಾಗಿ ಬಂದ ದಿನದ ತೂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ, ಸಾಕು.

ಖಾರದ ಬಿಸ್ಕತ್ತು ಎಂದೆನಲ್ಲ, ಅದರ ಮಾತಿಗೆ ಬರುತ್ತೇನೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ತೆರೆದರು. ಆಮೇಲೆ ಅಯ್ಯಂಗಾರ್ ಬೇಕರಿಗಳು ಊರೂರಿಗೂ ಹಬ್ಬಿದುವು. ಅವುಗಳ ಗಾಜಿನ ಭರಣಿಯಲ್ಲಿ ಬೆಣ್ಣೆ ಬಿಸ್ಕತ್ತಿನ ಪಕ್ಕದಲ್ಲಿ ಕುಳಿತಿರುವ ಖಾರದ ಬಿಸ್ಕತ್ತನ್ನು ತಿನ್ನದವರು ನಮ್ಮಲ್ಲಿ ಕಡಿಮೆ. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಬೆಣ್ಣೆ, ಮೈದಾ. ಈರುಳ್ಳಿಯೊಂದನ್ನು ಬಿಟ್ಟರೆ ಮದ್ದೂರು ವಡೆಯ ಸಾಮಾನೇ. ಎಣ್ಣೆಗೆ ಬೀಳದೆ ಒಲೆಗೆ ಹೋದ ವಡೆ ಎಂದು ಕರೆದರೆ ಬೇಕರಿಯವರು ಮುನಿಸಿಕೊಳ್ಳಲಾರರು. ರಾಗಿಯ ಜಂಬ ಬಿಟ್ಟು ಮೊದಲು ಇದನ್ನೇ ಕಲಿಯೋಣವೆಂದು ಸಂಘದವರೆಲ್ಲ ಒಪ್ಪಿದರು.

ಅಳತೆ ಬರೆದುಕೊಳ್ಳುವವರು ಬರೆದುಕೊಳ್ಳಿ. ಮೈದಾ ೨೦೦ ಗ್ರಾಂ, ಅಕ್ಕಿ ಹಿಟ್ಟು ೫೦ ಗ್ರಾಂ, ತುಪ್ಪ ೯೦ ಗ್ರಾಂ, ಪುಡಿ ಮಾಡಿದ ಸಕ್ಕರೆ ೨೦ ಗ್ರಾಂ, ಉಪ್ಪು ಒಂದು ಚಹಾ ಚಮಚ, ಬೇಕಿಂಗ್ ಪೌಡರ್ ಅರ್ಧ ಚಹಾ ಚಮಚ, ಗಟ್ಟಿ ಮೊಸರು ಮೂರು ದೊಡ್ಡ ಚಮಚ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಸೊಪ್ಪು. ಸೊಪ್ಪನ್ನು ಹಿಂದಿನ ಹೊತ್ತೇ ತೊಳೆದು ಬಟ್ಟೆಯ ಮೇಲೆ ಹರಡಿ ಆರಿಸಿರಬೇಕು. ತೊಟ್ಟಿಕ್ಕುವ ಸೊಪ್ಪನ್ನು ಹೆಚ್ಚಿ ಹಾಕಿದರೆ ಕಣ್ಣಿಗೆ ಕಾಣದ ನೀರು ಹಿಟ್ಟಿಗೆ ಸೇರುತ್ತದೆ.

ತುಪ್ಪವೇಕೆ, ಬೆಣ್ಣೆ ಏಕಲ್ಲ? ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ೧೬ರವರೆಗೂ ನೀರಿರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಇನ್ನೂ ಹೆಚ್ಚಿರಬಹುದು. ತುಪ್ಪದಲ್ಲಿ ನೀರು ಇಲ್ಲವೇ ಇಲ್ಲವೆನ್ನಬಹುದು. ಬೆಣ್ಣೆಯ ಪರಿಮಳ ಬೇಕೆನ್ನುವವರು ಅರ್ಧಕ್ಕರ್ಧ ಹಾಕಿ, ಮೊಸರನ್ನು ಒಂದು ಚಮಚ ಕಡಿಮೆ ಮಾಡಿ. ಇಲ್ಲಿ ಮಾತ್ರ ವಡೆಗೂ ಬಿಸ್ಕತ್ತಿಗೂ ಒಂದು ವ್ಯತ್ಯಾಸವುಂಟು. ವಡೆಗೆ ತುಪ್ಪ ಕಾದಿರಬೇಕು. ಬಿಸ್ಕತ್ತಿಗೆ ಹೆಪ್ಪುಗಟ್ಟಿದ ಮರಳು ಮರಳಾದ ತುಪ್ಪವೇ ಲೇಸು. ಕರಗಿದ ತುಪ್ಪ ಹಾಕಿದರೆ ಲಟ್ಟಿಸುವಾಗ ಹಿಟ್ಟು ಸಡಿಲವಾಗಿ, ಒಲೆಯಲ್ಲಿ ಬಿಲ್ಲೆ ಹರಡಿಕೊಳ್ಳುತ್ತದೆ.

ಹಿಟ್ಟು, ಉಪ್ಪು, ಸಕ್ಕರೆ, ಬೇಕಿಂಗ್ ಪೌಡರುಗಳನ್ನು ಜರಡಿಯಾಡಿ, ತುಪ್ಪ ಹಾಕಿ, ದೊಡ್ಡವ್ವನ ಮುಷ್ಟಿಯ ಹದ ಬರುವವರೆಗೆ ಬೆರಳ ತುದಿಯಲ್ಲಿ ತಿಕ್ಕಿ. ಸೊಪ್ಪು, ಮೆಣಸಿನಕಾಯಿ ಸೇರಿಸಿ. ಮೊಸರನ್ನು ಒಂದೊಂದೇ ಚಮಚ ಹಾಕುತ್ತ ಹಿಟ್ಟು ಒಂದುಗೂಡಿದ ಕೂಡಲೇ ಕೈ ತೆಗೆಯಿರಿ. ಚಪಾತಿ ಹಿಟ್ಟಿನಂತೆ ನುಣುಪಾಗಬೇಕೆಂಬ ಆಸೆ ಬೇಡ. ಅರ್ಧ ಗಂಟೆ ತಣ್ಣಗಿಟ್ಟು, ಕಾಲಂಗುಲಕ್ಕಿಂತ ಸ್ವಲ್ಪ ತೆಳ್ಳಗೆ, ಅಂದರೆ ೫ ಮಿಲಿಮೀಟರಿನಷ್ಟು, ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ. ಎಲ್ಲ ಬಿಲ್ಲೆಯೂ ಒಂದೇ ದಪ್ಪವಿರಬೇಕು. ಇಲ್ಲವಾದರೆ ತೆಳ್ಳಗಿನದು ಸೀಯುವ ಹೊತ್ತಿಗೆ ದಪ್ಪನೆಯದು ಹಸಿ. ಪ್ರತಿಯೊಂದಕ್ಕೂ ಮುಳ್ಳುಚಮಚದಿಂದ ಮೂರು ನಾಲ್ಕು ಕಡೆ ತಳ ಮುಟ್ಟುವಂತೆ ಚುಚ್ಚಿ. ಆ ತೂತುಗಳು ಅಲಂಕಾರಕ್ಕಲ್ಲ, ಆವಿ ಹೊರಡುವ ಕಿಟಕಿಗಳು.

ವಿದ್ಯುತ್ ಒಲೆಯಿದ್ದವರು ಮೊದಲೇ ಕಾಯಿಸಿ ೧೫೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ೨೦ರಿಂದ ೨೫ ನಿಮಿಷ ಇಡಿ. ಆಮೇಲೆ ಒಲೆ ಆರಿಸಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದು, ಬಿಸ್ಕತ್ತುಗಳನ್ನು ಇನ್ನೂ ಹತ್ತು ನಿಮಿಷ ಅಲ್ಲೇ ಬಿಡಿ. ಸೌದೆಯ ಭಟ್ಟಿಯ ಬೇಕರಿಗಳಲ್ಲಿ ಜೋರು ಕಾವಿಗೆ ಬ್ರೆಡ್ಡು, ಆರುತ್ತಿರುವ ಕಾವಿಗೆ ರಸ್ಕು ಎಂಬ ಕ್ರಮವುಂಟು. ನಾವು ಮಾಡುವುದೂ ಅದೇ. ಬಿಸ್ಕತ್ತು ಎಂಬ ಮಾತಿಗೆ ಮೂಲದಲ್ಲಿ ಎರಡು ಸಲ ಬೆಂದದ್ದು ಎಂಬ ಅರ್ಥವಂತೂ ಇದ್ದೇ ಇದೆ. ಲ್ಯಾಟಿನ್ನಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ, ಕೊನೆಗೆ ನಮ್ಮ ಚಹಾದ ಲೋಟದೊಳಕ್ಕೆ ಬಂದ ಮಾತು ಅದು.

ಹಳ್ಳಿಯಲ್ಲಿ ನಮಗೆ ವಿದ್ಯುತ್ತಿನ ನೆಚ್ಚಿಕೆ ಸಾಲದಾಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲೇ ವಿದ್ಯುತ್ತು ತಯಾರಾಗಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತೆಂದು ಶಾಲೆಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಪಾಠ ಹೇಳಿದ್ದೇನೆ. ಅದೇ ತಾಲ್ಲೂಕಿನಲ್ಲಿ ಬಿಸ್ಕತ್ತು ಅರ್ಧ ಬೆಂದಿರುವಾಗ ದೀಪ ಹೋದರೆ ಆ ಪಾಠವನ್ನು ಯಾರಿಗೆ ಹೇಳುವುದು? ಆದ್ದರಿಂದ ಗ್ಯಾಸಿನ ಮೇಲೆ ಮರಳಿನ ಒಲೆ ಹೂಡಿದೆವು. ದಪ್ಪ ತಳದ ಹಳೆಯ ಪಾತ್ರೆ, ಅದರಲ್ಲಿ ಎರಡು ಬೆರಳು ದಪ್ಪ ತೊಳೆದು ಒಣಗಿಸಿದ ಮರಳು, ಅದರ ಮೇಲೆ ಕಂಬಿಯ ಸ್ಟ್ಯಾಂಡು, ಅದರ ಮೇಲೆ ತಟ್ಟೆ. ಕಾಲು ಗಂಟೆ ಕಾಯಿಸಿ ಬಿಸ್ಕತ್ತಿಟ್ಟು, ಉರಿ ಸಣ್ಣ ಮಾಡುವುದು. ಪ್ರೆಷರ್ ಕುಕ್ಕರನ್ನು ಹೀಗೆ ಬಳಸುವವರು ರಬ್ಬರ್ ಪಟ್ಟಿಯನ್ನೂ ಮೇಲಿನ ತೂಕವನ್ನೂ ತೆಗೆದೇ ಬಳಸಬೇಕು, ಇದು ಪ್ರಾಣದ ಮಾತು.

ಮರಳಿನ ಒಲೆಯಲ್ಲಿ ಮೊದಲ ಮೂರು ತಟ್ಟೆ ಕೆಟ್ಟುವು. ಕಾವು ಸಾಕಷ್ಟಿತ್ತು, ಹೊತ್ತು ಸಾಕಷ್ಟಿತ್ತು, ಆದರೂ ಬಿಸ್ಕತ್ತು ಬೆಂದ ಕಡುಬಿನಂತೆ. ಮುಚ್ಚಳ ತೆಗೆದು ನೋಡಿದರೆ ಒಳಮೈಯಲ್ಲಿ ನೀರಿನ ಹನಿ! ಹೊರಟ ಆವಿಗೆ ದಾರಿಯಿಲ್ಲದೆ ಬಿಸ್ಕತ್ತಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಸಂಘದ ಚಿಕ್ಕ ಹುಡುಗಿಯೊಬ್ಬಳು ಮುಚ್ಚಳದಡಿ ಒಂದು ಚಮಚ ಅಡ್ಡವಿಟ್ಟು ಸಂದು ಮಾಡಿದಳು. ನಾಲ್ಕನೆಯ ತಟ್ಟೆ ಸರಿಹೋಯಿತು. ಕಾವು ಸ್ವಲ್ಪ ಹೊರಗೆ ಹೋಗುತ್ತದೆ, ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಬೆಂದು ಬಂದ ಬಿಸ್ಕತ್ತು ಬಿಸಿಯಲ್ಲಿ ಮೆತ್ತಗೇ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಒಲೆಗಿಟ್ಟು ಸೀಯಿಸಿಕೊಳ್ಳಬೇಡಿ. ಗಾಜು ಕಟ್ಟುವುದು ಆರುವಾಗ. ಕೆಳಗಿನಿಂದಲೂ ಗಾಳಿಯಾಡುವಂಥ ಕಂಬಿಯ ಜಾಲರಿ ಅಥವಾ ಬಿದಿರಿನ ಮೊರದ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಮದ್ದೂರಿನಲ್ಲೂ ಕಂಡೆ: ಬಾಣಲೆಯಿಂದ ಎತ್ತಿದ ವಡೆಯನ್ನು ಅವರು ರಾಶಿ ಹಾಕಲಿಲ್ಲ, ಸಾಲಾಗಿ ನಿಲ್ಲಿಸಿದರು. ಮುಟ್ಟಿದರೆ ಕೈಗೆ ಬಿಸಿ ತಾಕದಷ್ಟು ಆರಿದ ಮೇಲೆ, ಅಂದರೆ ಮುಕ್ಕಾಲು ಗಂಟೆ ಕಳೆದ ಮೇಲೆ, ಬಿಗಿ ಮುಚ್ಚಳದ ಡಬ್ಬಿ. ಅಷ್ಟರ ಮೇಲೆ ಗಾಳಿಗೆ ಬಿಡುವುದೂ ತಪ್ಪು, ನಾಲೆ ಬಯಲಿನ ನಮ್ಮ ಊರುಗಳಲ್ಲಿ ಮಳೆಗಾಲದ ಗಾಳಿಗೆ ತೇವ ಹೆಚ್ಚು. ದೊಡ್ಡ ಡಬ್ಬಿಯೊಂದರ ಬದಲು ಸಣ್ಣ ಡಬ್ಬಿ ಎರಡು ಮೂರು ಮಾಡಿದರೆ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವ ಮನೆಗಳಲ್ಲಿ ಕೊನೆಯ ಡಬ್ಬಿಯಾದರೂ ಉಳಿಯುತ್ತದೆ. ಕೇಕು, ಬನ್ನು, ಬಾಳೆಹಣ್ಣು ಯಾವುದನ್ನೂ ಜೊತೆಗಿಡಬೇಡಿ. ಅವುಗಳ ನೀರೆಲ್ಲ ಬಿಸ್ಕತ್ತಿಗೆ ವರ್ಗವಾಗುತ್ತದೆ.

ರಾಗಿಯ ಬಿಸ್ಕತ್ತನ್ನು ಬಿಟ್ಟೆವೆಂದು ತಿಳಿಯಬೇಡಿ. ಖಾರದ ಬಿಸ್ಕತ್ತು ಕೈಗೆ ಹತ್ತಿದ ಮೇಲೆ ಅದಕ್ಕೆ ಮರಳಿದೆವು. ರಾಗಿ ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಆರಿಸುತ್ತೇವೆ. ಹಿಟ್ಟಿನೊಳಗಿನ ತೇವ ಅಲ್ಲೇ ಒಂದಿಷ್ಟು ಹೋಗುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಒಂಟಿಯಾಗಿ ಹಾಕಿದರೆ ಬಿಸ್ಕತ್ತು ಪುಡಿಪುಡಿ. ಮೂರು ಪಾಲು ರಾಗಿಗೆ ಎರಡು ಪಾಲು ಗೋಧಿ ಹಿಟ್ಟು ಸೇರಿಸುತ್ತೇವೆ. ಸಿಹಿಗೆ ಪುಡಿ ಸಕ್ಕರೆ. ಆದರೂ ಬೆಲ್ಲದ ಪರಿಮಳವಿಲ್ಲದ ರಾಗಿ ನಮ್ಮ ನಾಲಿಗೆಗೆ ಅರಕೆ ಎನಿಸಿತು. ನಾಲ್ಕು ಪಾಲಿನಲ್ಲಿ ಒಂದು ಪಾಲು ಮಾತ್ರ ಬೆಲ್ಲ, ಅದೂ ತುರಿದು ನೆರಳಲ್ಲಿ ಒಣಗಿಸಿದ್ದು, ಎಂದು ರಾಜಿ ಮಾಡಿಕೊಂಡೆವು. ಹಾಲು ಎರಡೇ ಚಮಚ.

ಈ ವರ್ಷ ಆಷಾಢದ ಜಡಿಮಳೆಯಲ್ಲಿ ಒಂದು ಡಬ್ಬಿ ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದು, ದೊಡ್ಡವ್ವನ ಮನೆಯ ಅಟ್ಟದ ಮೇಲೆ, ಬೇಕೆಂದೇ ಬೆಲ್ಲದ ಉಂಡೆಗಳ ಪಕ್ಕದಲ್ಲಿ ಇಟ್ಟೆವು. ಹದಿನೈದನೆಯ ದಿನ ಸಂಘದವರೆಲ್ಲ ಸೇರಿ ಡಬ್ಬಿ ಇಳಿಸಿದೆವು. ಬೆಲ್ಲ ಆಗಲೇ ಒಸರಿ ಅಡಿಯ ಹಾಳೆ ಒದ್ದೆಯಾಗಿತ್ತು. ದೊಡ್ಡವ್ವ ಒಂದು ಬಿಸ್ಕತ್ತು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಮುರಿದರು. ಈಚೆಗೆ ನನಗೆ ಕಿವಿ ಸ್ವಲ್ಪ ಮಂದ, ಆದರೂ ಕೇಳಿಸಿತು.

ಅದೇ ಅಂಗಡಿಯವರು ಈ ಬಾರಿ ಐದು ಕಿಲೋ ತೆಗೆದುಕೊಂಡಿದ್ದಾರೆ, ಮೂರು ಕಿಲೋ ಖಾರದ್ದು, ಎರಡು ಕಿಲೋ ರಾಗಿಯದು. ಎರಡು ವಾರವಾಯಿತು, ಹಿಂದಕ್ಕೆ ಬಂದಿಲ್ಲ. ಪುಸ್ತಕದಲ್ಲಿ ಬರೆದ ೨,೪೦೦ ರೂಪಾಯಿಯಲ್ಲಿ ೯೦೦ ತೀರಿದೆ. ಉಳಿದದ್ದನ್ನು ನಾನು ಕೊಡುತ್ತೇನೆಂದರೆ ದೊಡ್ಡವ್ವ ಒಪ್ಪುತ್ತಿಲ್ಲ. ದುಡ್ಡು ಬೇಡ, ದೀಪಾವಳಿಗೆ ಮುಂಚೆ ನಾಲ್ಕು ಭಾನುವಾರ ಬಂದು ತೂಕ ಬರೆದುಕೊಡಿ ಎನ್ನುತ್ತಾರೆ. ನಾಳಿದ್ದು ಮೊದಲನೆಯ ಭಾನುವಾರ. ಬೆಳಗ್ಗೆ ಎಂಟರ ಬಸ್ಸಿಗೆ ಹೊರಡಬೇಕು.